ಅಡ್ಮಿನ್ ಅಕ್ಕ ನಾರಾಯಣಖೇಡಕ್ಕೆ ಹೋಗಿದ್ದು

ಜಹೀರಾಬಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಅವರನ್ನು ನಾವೆಲ್ಲ ಅಡ್ಮಿನ್ ಅಕ್ಕ ಎನ್ನುತ್ತಿದ್ದೆವು. ನಮ್ಮ ಸುತ್ತಿನ ರಿಪೇರಿಯವರ ಆನ್‌ಲೈನ್ ಗುಂಪನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಹೊಸಬರು ಸೇರಿದರೆ ಕನ್ನಡಕ ಹಣೆಗೇರಿಸಿ ಫೋನ್ ಹಚ್ಚಿ, "ಯಾರ್ರೀ ನೀವು? ಒಂದೀಟು ಮಾತಾಡ್ರಿ" ಎನ್ನುವರು.

ಒಮ್ಮೆ ಗುಂಪಿನ ತುಂಬ ಹೊಸ ಹೆಸರುಗಳು ಬಂದು, ಒಂದು ಕಂಪನಿಯ ಬ್ಯಾಟರಿಯನ್ನು ಅಕ್ಷರವೂ ಬದಲಾಗದಂತೆ ಹೊಗಳತೊಡಗಿದವು. ರಿಪೇರಿಯವರ ವೇಷದಲ್ಲಿ ಕಂಪನಿಯೇ ಮಾತಾಡುತ್ತಿದೆ ಎಂದು ಅಕ್ಕನಿಗೆ ಅನ್ನಿಸಿತು. ಕೆಲವರಿಗೆ ಕರೆ ಮಾಡಿದರು, ಯಾರೂ ಎತ್ತಲಿಲ್ಲ. ಬೇಸತ್ತು, ಕರೆ ಮಾಡದೆ ಉಳಿದಿದ್ದ ಹೊಸಬರನ್ನೂ ಒಟ್ಟಿಗೇ ಗುಂಪಿನಿಂದ ತೆಗೆದುಹಾಕಿದರು.

ಅವರೊಳಗೆ ನಾರಾಯಣಖೇಡದ ಒಬ್ಬ ನಿಜವಾದ ರಿಪೇರಿಯವನೂ ಇದ್ದ. "ನನ್ನೂ ಕಳ್ಳರ ಸಾಲಿನಾಗ ನಿಂದರ್ಸಿದ್ರಲ್ಲರೀ" ಎಂದು ತಾಂಡೂರಿನಲ್ಲಿ ಅದೇ ಕಸುಬು ಮಾಡುತ್ತಿದ್ದ ನನಗೆ ಫೋನ್ ಮಾಡಿ ಸಂಕಟಪಟ್ಟ. ನಾನು ಅಕ್ಕನಿಗೆ ತಿಳಿಸಿದೆ. ಮರುದಿನವೇ ಅವರು ಅಂಗಡಿ ಮುಚ್ಚಿ ಬಸ್ಸು ಹತ್ತಿದರು. ಅವನೆದುರು ನಿಂತು, "ತಪ್ಪಾತು ತಮ್ಮಾ, ನಿನ್ನ ಮಾತಾಡಸ್ಲಾರದೇ ತಗದೀನಿ" ಎಂದರಂತೆ.

ಗುಂಪಿಗೆ ಮರಳಿದವನು ಮೊದಲು ಬರೆದದ್ದೇ, ಆ ಬ್ಯಾಟರಿ ಛಲೋ ಅದ ಎಂದು. ಅಕ್ಕ ಏನನ್ನುತ್ತಾರೋ ಎಂದು ನಾವೆಲ್ಲ ಕಾದೆವು. ಅವರು ಅದರ ಕೆಳಗೆ ಬರೆದರು: "ಇಂವ ಖರೇ ಮನಷ್ಯಾ, ನಾ ನೋಡಿ ಬಂದೀನಿ. ಬ್ಯಾಟರಿ ಸಲುವಾಗಿ ಬೇಕಾದಷ್ಟು ಜಗಳಾಡ್ರಿ."