ಒಂದು ದಿನ ತಪ್ಪಿದ ಪಾಠ

ಅಕ್ಷರವನ್ನು ದಯಪಾಲಿಸಿದ ಅಲ್ಲಾಹನಿಗೆ ಸ್ತುತಿ. ಅದನ್ನು ನನ್ನ ನಾಲಿಗೆಗೆ ತಂದ ತಾತನಿಗೆ ಕೃತಜ್ಞತೆ.

ಮಳೆಗೆ ನೆನೆದ ಹಳೆಯ ಗಾರೆಯ ವಾಸನೆ ಬಂದರೆ ಈಗಲೂ ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮೂರಿನ ಮದರಸಾ ಕಣ್ಣೆದುರು ನಿಲ್ಲುತ್ತದೆ. ತೆಂಗಿನ ತೋಟಗಳ ನಡುವೆ ಮೂರು ಕಮಾನಿನ ಕಲ್ಲುಕಟ್ಟಡ. ಅದಕ್ಕೆ ಒರಗಿಕೊಂಡಂತೆ, ಅದಕ್ಕೇ ಸೇರಿದ ನಮ್ಮ ಮನೆ. ಮದರಸಾ ಸುಲ್ತಾನರ ಕಾಲದಲ್ಲಿ ಕಟ್ಟಿದ್ದೆಂದು ಅಲ್ಲಿನ ಮೌಲ್ವಿಯಾಗಿದ್ದ ತಾತ ಹೇಳುತ್ತಿದ್ದರು. ಬಳಿಕ ಬಂದ ಪಾಳೆಯಗಾರರು ಒಂದು ಕೋಣೆಯಲ್ಲಿ ಮದ್ದುಗುಂಡು ತುಂಬಿಸಿದರೂ ಇನ್ನೊಂದರಲ್ಲಿ ಪಾಠ ನಡೆಯಿತಂತೆ. ಮೈಸೂರಿನ ಅರಸರು ಸುಣ್ಣ ಬಳಿಸಿದರಂತೆ. ಆಳುವವರು ಬದಲಾದಂತೆ, ಕಟ್ಟಡವನ್ನು ಪಾಠಕ್ಕೆಂದು ಬಿಟ್ಟುಕೊಟ್ಟ ಸನದಿನ ಮೊಹರು ಬದಲಾಯಿತು. ಷರತ್ತು ಮಾತ್ರ ಅದೇ ಉಳಿಯಿತು. ದಿನಕ್ಕೊಬ್ಬರಾದರೂ ಕುಳಿತು ಪಾಠ ಕೇಳಬೇಕು, ತಪ್ಪಿದರೆ ಕಟ್ಟಡ ಸರ್ಕಾರಕ್ಕೆ. ನನ್ನ ಕಾಲಕ್ಕೆ ಉಳಿದೆಲ್ಲ ಮಕ್ಕಳು ಸರ್ಕಾರಿ ಶಾಲೆ ಸೇರಿದ್ದರು. ಆ ಉದ್ದನೆಯ ಹಜಾರದಲ್ಲಿ ನಾನೊಬ್ಬಳೇ ಓದುತ್ತಿದ್ದೆ. ನನ್ನ ದನಿಯೇ ಕಮಾನುಗಳಿಗೆ ತಾಗಿ ತಿರುಗಿ ಬಂದು ಜೊತೆಗೆ ಕೂರುತ್ತಿತ್ತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಶಿವಣ್ಣನವರ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ಮೊಳೆತ ಕಾಯಿಯೊಳಗಿನ ಸಿಹಿ ಉಂಡೆಯ ಆಸೆಗೆ ನಾನು ಪಾಠ ಬಿಟ್ಟು ಅಲ್ಲಿ ಸೇರಿಕೊಂಡೆ. ಪಾಠದ ಹೊತ್ತು ಮೀರಿದ ಮೇಲೆ ತಪಾಸಣೆಯ ಅಧಿಕಾರಿ ಮದರಸಾದ ಬಾಗಿಲಿಗೆ ಬಂದರು. ನಾನು ಸಿಪ್ಪೆಯ ರಾಶಿಯ ಹಿಂದೆ ಅಡಗಿದೆ.

“ಇವತ್ತು ಪಾಠ ಆಯ್ತಾ ಮೌಲ್ವಿಗಳೇ?”

ತಾತ ಉತ್ತರಿಸುವ ಮೊದಲೇ ಶಿವಣ್ಣನವರು ನಡುವೆ ಬಾಯಿ ಹಾಕಿದರು: “ಬೆಳಿಗ್ಗೆನೇ ಆಯ್ತು ಕಣ್ರೀ. ಇವರ ಗಂಟ್ಲಿಗೆ ನಮ್ಮೆಮ್ಮೆ ಹಗ್ಗ ಕಿತ್ಕೊಂಡು ಓಡೋಯ್ತು.”

ಅಧಿಕಾರಿ ನಕ್ಕು, ಬರೆಯಲು ಪೆನ್ನು ತೆಗೆದರು. ತಾತ ಕೈ ಅಡ್ಡ ಹಿಡಿದರು. “ಇಲ್ಲ ಸ್ವಾಮಿ. ಮಗು ಬರಲಿಲ್ಲ, ಪಾಠ ಆಗಲಿಲ್ಲ.”

“ಒಂದಿನದ್ದು ತಾನೆ, ಬುಡಿ ಸಾಬ್ರೇ,” ಎಂದರು ಶಿವಣ್ಣನವರು.

“ಒಂದಿನಾನೂ ತಪ್ಪಬಾರ್ದು ಅಂತ್ಲೇ ಕೊಟ್ಟಿದ್ದು ಕಣಪ್ಪ.” ಅಧಿಕಾರಿ ಪಾಠ ಆಗಲಿಲ್ಲವೆಂದೇ ಬರೆದುಕೊಂಡು ಹೋದರು.

ಆ ಸಂಜೆ ತಾತ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ತಪ್ಪಿದ ಪಾಠವನ್ನು ಹೇಳಿಕೊಟ್ಟರು. ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ತಿಂಗಳೊಳಗೆ ಹಜಾರಕ್ಕೆ ಬೀಗ ಬಿತ್ತು, ಅದರೊಂದಿಗೆ ನಮ್ಮ ಮನೆಯೂ ಹೋಯಿತು, ಆಗಲೂ ಕೇಳಲಿಲ್ಲ. ಕೊನೆಯುಸಿರಿನವರೆಗೂ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಕಮಾನುಗಳು ಕುಸಿದಿವೆ, ಹೇಳೋಣವೆಂದರೆ ಕೇಳುವವರಿಲ್ಲ.

ಕಟ್ಟಿದವರನ್ನೂ, ಕಾಯ್ದವರನ್ನೂ, ಬೀಗ ಹಾಕಿದವರನ್ನೂ, ನಮಗಾಗಿ ಸುಳ್ಳಾಡಿದ ಶಿವಣ್ಣನವರನ್ನೂ, ನಿಜ ನುಡಿದ ನನ್ನ ತಾತನನ್ನೂ ಕರುಣಾಮಯನು ಒಂದೇ ನೆರಳಿನಲ್ಲಿ ಇರಿಸಲಿ.