ಕೊಕ್ಕಿಲ್ಲದ ಗಿಣಿ

ಬೆಳಿಗ್ಗೆ ಹಾಲು ಕಾಯಿಸಿದೆ, ಹೆಸರುಕಾಳು ನೆನೆಹಾಕಿದೆ, ಮಗಳ ಯೂನಿಫಾರಂ ಒಗೆದೆ. ಮಧ್ಯಾಹ್ನ ಅಟ್ಟದ ಡಬ್ಬಿಗಳನ್ನು ಇಳಿಸಿ ಒರೆಸಿದೆ. ಒಂದರಲ್ಲಿ ಹಳೆಯ ಕೆಮ್ಮಣ್ಣಿನ ಹೆಂಟೆಯಿತ್ತು. ಒದ್ದೆ ಬೆರಳು ತಾಗಿದ್ದೇ ವಾಸನೆ ಎದ್ದಿತು. ಬಾಲವಾಡಿ ಟೀಚರ್ ನೆನಪಾದರು…

ಆಗ ನಾವು ಭದ್ರಾವತಿಯಲ್ಲಿ ಕ್ವಾರ್ಟರ್ಸ್ ಸಾಲಿನಲ್ಲಿದ್ದೆವು. ನಾನು ಆರು ತಿಂಗಳ ಬಸುರಿ. ಮಕ್ಕಳು ಸಾಲದೆಂದು ನಮ್ಮ ಬಾಲವಾಡಿಯನ್ನು ರೈಲು ಹಳಿಯ ಆಚೆಗೆ ಒಯ್ಯುತ್ತಾರೆಂಬ ಸುದ್ದಿ ಬಂತು. ಪುಟ್ಟ ಮಕ್ಕಳು ಹಳಿ ದಾಟುವುದು ಹೇಗೆ? ಎಲ್ಲರೂ ಮಕ್ಕಳನ್ನು ಎತ್ತಿಕೊಂಡು ಆಫೀಸಿಗೆ ಹೋಗುವುದೆಂದಾಯಿತು. ಅಷ್ಟರಲ್ಲಿ ಊರಲ್ಲಿ ಗಲಾಟೆಯಾಗಿ, ಗುಂಪು ಸೇರಬಾರದೆಂದು ಆರ್ಡರ್ ಬಂತು. ಬಾಲವಾಡಿಗೂ ಬೀಗ. ಆಫೀಸಿನ ಸಾಹೇಬರು ಮಕ್ಕಳ ಲೆಕ್ಕ ನೋಡಲು ಬರುವುದು ಮಾತ್ರ ಮರುದಿನವೇ!

ಟೀಚರ್ ಹೆಪ್ಪು ಕೇಳುವ ನೆಪದಲ್ಲಿ ಒಬ್ಬರೇ ಮನೆಮನೆಗೆ ಬಂದರು. ಮನೆಯಲ್ಲಿ ಬಾಲವಾಡಿ ಮಕ್ಕಳೆಷ್ಟೋ, ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿಯಲ್ಲಿ ಅಷ್ಟು ಗಿಣಿ ಬಿಡಿಸಬೇಕು ಎಂದರು. ಬಾಲವಾಡಿ ಹೋದರೆ ಅವರ ಕೆಲಸವೂ ಹೋಗುತ್ತಿತ್ತು. ಅದನ್ನು ಅವರು ಬಾಯಿಬಿಡಲಿಲ್ಲ.

ನಾನೂ ಒಂದು ಬಿಡಿಸುತ್ತೇನೆಂದೆ. ಅತ್ತೆ ಗದರಿದರು: "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋಕೆ ಹೊರಟ್ಯಲ್ಲೇ ಮಾರಾಯ್ತಿ!"

"ಹಂಗಾದ್ರೆ ಕೊಕ್ಕು ಬಿಟ್ಟು ಬಿಡಿಸ್ಲಿ ಬಿಡಿ ಅಮ್ಮ," ಎಂದರು ಟೀಚರ್. "ಹುಟ್ಟಿದ್ಮೇಲೆ ನಾನೇ ಬಂದು ಹಾಕ್ತೀನಿ."

ಬೆಳಿಗ್ಗೆ ಕೆಮ್ಮಣ್ಣು ಸಾರಿಸಿದ ನೆಲದ ಮೇಲೆ ಸಾಲಿನುದ್ದಕ್ಕೂ ಬಿಳಿ ಗಿಣಿಗಳು. ಕೆಲವು ಕೋಳಿಯ ಹಾಗೂ ಇದ್ದವು. ಸಾಹೇಬರು ಬೀಗ ನೋಡಿ, "ಮಕ್ಕಳೆಲ್ರೀ?" ಎಂದರು.

"ಗುಂಪು ಸೇರೋ ಹಂಗಿಲ್ವಲ್ಲ ಸಾರ್. ಅವರವರ ಬಾಗಿಲಲ್ಲೇ ಇದಾರೆ, ಎಣಿಸ್ಕೊಳ್ಳಿ," ಎಂದರು ಟೀಚರ್.

ಒಂದೊಂದು ಗಿಣಿಯ ಹಿಂದೆ, ಹೊಸಿಲ ಮೇಲೆ, ಒಂದೊಂದು ಮಗು ಕೂತಿತ್ತು. ಸಾಹೇಬರು ಬರೆದುಕೊಳ್ಳುತ್ತಾ ಬಂದು ನಮ್ಮ ಬಾಗಿಲಲ್ಲಿ ನಿಂತರು. "ಇದಕ್ಕೆ ಕೊಕ್ಕೇ ಇಲ್ವಲ್ಲ?"

"ಅದಿನ್ನೂ ಬರ್ಬೇಕು ಸಾರ್," ಎಂದರು ಟೀಚರ್.

ಸಾಹೇಬರು ನನ್ನನ್ನು ನೋಡಿ ತಲೆ ತಗ್ಗಿಸಿ ನಕ್ಕರು. ಅದನ್ನು ಲೆಕ್ಕಕ್ಕೆ ಹಿಡಿದರೋ ಇಲ್ಲವೋ, ಗೊತ್ತಿಲ್ಲ. ಬಾಲವಾಡಿ ಅಲ್ಲೇ ಉಳಿಯಿತು.

ನಾಮಕರಣದ ದಿನ ಟೀಚರ್ ಬೇಗ ಬಂದು, ಬಾಗಿಲಲ್ಲಿ ಹೊಸ ಗಿಣಿ ಬಿಡಿಸಿ ಕೊಕ್ಕು ಹಾಕಿದ ಮೇಲೇ ಒಳಗೆ ಕಾಲಿಟ್ಟರು. ಮಗಳು ಅವರ ಹತ್ತಿರವೇ ಎರಡು ವರ್ಷ ಕಲಿತಳು. ಆಮೇಲೆ ನಾವು ಶಿವಮೊಗ್ಗದ ಗೋಪಾಳಕ್ಕೆ ಬಂದೆವು. ರಜೆಯಲ್ಲಿ ಅವಳನ್ನು ಕರೆತರುತ್ತೇನೆಂದು ಹೇಳಿ ಬಂದಿದ್ದೆ. ಬಸ್ಸು ಹತ್ತಿದರೆ ಎಷ್ಟು ದೂರ… ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿಯೂ ತಿಂಗಳು ಕಳೆದ ಮೇಲೆ ಸಂತೆಯಲ್ಲಿ ಸಿಕ್ಕ ಹಳೆಯ ನೆರೆಯವಳಿಂದ ತಿಳಿಯಿತು.

ರಾತ್ರಿ ಅನ್ನ, ಹೆಸರುಕಾಳಿನ ಸಾರು, ಹಪ್ಪಳ. ಹಾಸಿಗೆ ಹಾಸುತ್ತಾ ಮಗಳಿಗೆ ಗಿಣಿಯ ಕಥೆ ಶುರು ಮಾಡಿದೆ. "ಯಾವ ಟೀಚರಮ್ಮ?" ಎಂದಳು. ಕಥೆ ಕೊಕ್ಕಿನವರೆಗೂ ಬಂದಿರಲಿಲ್ಲ, ಅಷ್ಟರಲ್ಲೇ ಅವಳು ನಿದ್ದೆ ಹೋದಳು.