ಗಿಡವನ್ನು ಕೇಳಿ ಕೀಳುವ ಮಂಜಯ್ಯ

ಹೊಸನಗರದ ಬಸ್ಸುಗಳಲ್ಲಿ ಮೂವತ್ತೆರಡು ವರ್ಷ ಕಂಡಕ್ಟರ್ ಆಗಿದ್ದವನು ನಾನು. ಹಸೆಮಣೆ ಬೇಡವೆಂದು ಹಠ ಹಿಡಿದ ಮದುಮಗ, ಮೈಮೇಲೆ ದೇವರು ಬಂದ ಪೂಜಾರಿ, ಒಮ್ಮೆ ಒಂದು ಎಮ್ಮೆ, ಯಾರನ್ನೇ ಆಗಲಿ ಎರಡೇ ನಿಮಿಷದಲ್ಲಿ ಬಸ್ ಹತ್ತಿಸಿದ್ದೇನೆ.

ಪಕ್ಕದ ಮನೆಯ ಮಂಜಯ್ಯ ನಾಟಿವೈದ್ಯ. ಮೇಗರವಳ್ಳಿಯಲ್ಲಿ ಸೋದರಮಾವನ ಹತ್ತಿರ ಹನ್ನೆರಡು ವರ್ಷ ಕಲಿತವನು. ಆ ಕಾಡಿನ ಜಿಗಣೆಗಳು ಇವನ ರಕ್ತ ಕುಡಿದೇ ಅರ್ಧ ಪಂಡಿತರಾದವಂತೆ. ಪ್ರತಿ ಗಿಡಕ್ಕೂ ಮೇಲೊಂದು ಗ್ರಹ ಉಂಟು, ಎಲೆಯ ಆಕಾರದಲ್ಲೇ ರೋಗದ ಗುರುತು ಉಂಟು ಅನ್ನುತ್ತಾನೆ. ಹಿಂದಿನ ಸಂಜೆ ಅಕ್ಷತೆ ಹಾಕಿ ಗಿಡದ ಅಪ್ಪಣೆ ಕೇಳಬೇಕು, ಬೆಳಿಗ್ಗೆ ಮಾತಾಡದೆ, ತನ್ನ ನೆರಳು ಬೀಳಿಸದೆ ಕೀಳಬೇಕು.

ಹೋದ ಮಳೆಗಾಲ ಕಾಮಾಲೆಯವರೊಬ್ಬರಿಗೆ ನೆಲನೆಲ್ಲಿ ತರಲು ಹೋದವನು ನಾಚಿಕೆಮುಳ್ಳನ್ನು ಕಿತ್ತು ತಂದ. ಕೇಳಿದರೆ, "ಅಪ್ಪಣೆ ಕೇಳಿದ ಕೂಡ್ಲೆ ತಲೆ ಬಗ್ಸಿ ಎಲೆ ಮಡ್ಚಿಕೊಂಡ್ತು. ಇಷ್ಟು ವಿನಯದ ಗಿಡ ನಾ ಕಂಡಿರ್ಲಿಲ್ಲ" ಎಂದ. ಬೆರಳೆಲ್ಲ ಮುಳ್ಳು.

ಮದ್ದು ಅರೆಯುವವಳು ಹೆಂಡತಿ ಹೂವಮ್ಮ. ಎಲೆ ನೋಡಿದವಳೇ ಕೈ ತೊಳೆದುಕೊಂಡು ಎದ್ದಳು.

"ನಿಮ್ಮ ಕಣ್ಣಿಗೆ ಪೊರೆ ಬಂದದೆ. ಆಪರೇಶನ್ ಆಗೋ ತನ್ಕ ನಾ ಅರೆಯೋದಿಲ್ಲ. ಯಾರನ್ನಾದ್ರೂ ಕೊಂದು ಹಾಕ್ತೀರಿ ನೀವು."

ಅವಳು ಅರೆಯದಿದ್ದರೆ ಅವನ ವೈದ್ಯಗಿರಿ ಮುಗಿದಂತೆಯೇ. ಅವನನ್ನು ಸಾಗರದ ಕಣ್ಣಾಸ್ಪತ್ರೆಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

ಸೋಮವಾರ ಎಂಟರ ಬಸ್ಸಿಗೆ ರಾಹುಕಾಲ. ಮಂಗಳವಾರ, ಬುಧವಾರ ಸಾಗರ ಇರುವ ಉತ್ತರ ದಿಕ್ಕಿಗೆ ಶೂಲ. ಗುರುವಾರ ಸ್ಟ್ಯಾಂಡಿನವರೆಗೆ ಎಳೆದು ತಂದೆ, ಡ್ರೈವರ್ ಸೀನಿದ.

"ಅವನಿಗೆ ನೆಗಡಿ ಮಾರಾಯಾ," ಅಂದೆ.

"ನೆಗಡಿ ಇರೋನು ಓಡ್ಸೋ ಬಸ್ಸಿಗೆ ನಾ ಹತ್ತಲ್ಲ."

ಹೀಗೆ ಐದು ವಾರ. ನನ್ನ ತಲೆಯಲ್ಲಿ ಉಳಿದಿದ್ದ ಹದಿನೇಳು ಕೂದಲಲ್ಲಿ ಹನ್ನೊಂದು ಉದುರಿದವು. ಕೊನೆಗೆ ಒಂದು ಶುಕ್ರವಾರ, ನಟ್ಟನಡು ರಾಹುಕಾಲದಲ್ಲಿ, ಹೂವಮ್ಮ ಮದ್ದು ಅರೆಯುವ ಗುಂಡುಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಸಾಗರದ ಬಸ್ ಹತ್ತಿ ಕೂತಳು. ಮಂಜಯ್ಯ ಪಂಚಾಂಗ ಬಿಟ್ಟು, ಚಪ್ಪಲಿಯನ್ನೂ ಬಿಟ್ಟು ಹಿಂದೆಯೇ ಹತ್ತಿದ. ಅರ್ಧ ನಿಮಿಷವೂ ಆಗಲಿಲ್ಲ.

ನಾನೂ ಜೊತೆಗೆ ಹೋದೆ. ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಆಸ್ಪತ್ರೆಯ ಅಂಗಳದಲ್ಲಿ ಬಗ್ಗಿ, ನೆಲನೆಲ್ಲಿ ಯಾವುದು, ನಾಚಿಕೆಮುಳ್ಳು ಯಾವುದು ಎಂದು ಹೂವಮ್ಮನಿಗೆ ಒಂದೊಂದೇ ತೋರಿಸಿದ. ಅವಳು "ಹೊತ್ಕೊಂಡು ನಡೀರಿ, ನಾಳೆಯಿಂದ ಅರೀತೀನಿ" ಎಂದು ಚೀಲದ ಕಲ್ಲನ್ನು ಅವನ ಕೈಗೆ ಕೊಟ್ಟಳು.

ನನಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. "ಈಗ ಕಣ್ಣು ಬಂತಲ್ಲ, ಇನ್ನಾದ್ರೂ ಗಿಡದ ಹತ್ರ ಅಪ್ಪಣೆ ಕೇಳೋ ನಾಟಕ ಬಿಡು. ನೋಡು, ಕೀಳು," ಎಂದೆ.

"ನನ್ನ ಪೊರೆ ಕೀಳೋ ಮುಂಚೆ ಡಾಕ್ಟ್ರಮ್ಮ ನನ್ನ ಹತ್ರ ಮೂರು ಕಡೆ ಸಹಿ ಹಾಕಿಸ್ಕೊಂಡ್ರು," ಎಂದ ಮಂಜಯ್ಯ. "ಗಿಡಕ್ಕೆ ಸಹಿ ಬರಲ್ಲ ಮಾರಾಯಾ, ಅದ್ಕೆ ಬಾಯಲ್ಲಿ ಕೇಳ್ತೀನಿ."